ಕೆಂಪು ಹೂವಿನೊಳಗಿನ ಹಳದಿ

“ನಿಮ್ಮ ಗಿಡಗಳು ಕೆಟ್ಟಿವೆ.”

ಗಾಜಿನ ಮನೆಯ ಬಾಗಿಲಲ್ಲಿ ನಿಂತವನು ಆಡಿದ ಮೊದಲ ಮಾತೇ ಅದು.

ಅವಳು ಅರಳದ ಮೊಗ್ಗೊಂದನ್ನು ಬಿಡಿಸಿ, ಪರಾಗ ಉದುರುವ ಮೊದಲೇ ಚಿಮುಟದಿಂದ ಕೇಸರ ತೆಗೆಯುತ್ತಿದ್ದಳು. ಜೋರಾಗಿ ಉಸಿರು ಬಿಟ್ಟರೂ ಹಾಳಾಗುವ ಕೆಲಸ. ಕೈ ಜಾರಿತು. ಮೊಗ್ಗು ಹರಿದು ಕೆಳಗೆ ಬಿತ್ತು.

“ಇದೊಂದು ಈಗ ಕೆಟ್ಟಿತು, ನಿಮ್ಮಿಂದ! ಯಾರ್ರೀ ನೀವು?”

“ಕಂಪ್ಯೂಟರ್ ಕೋಣೆಯವನು. ನಿಮ್ಮ ಗಿಡಗಳ ಡಿಎನ್‌ಎ ನೋಡೋನು.”

ಓಹೋ, ಲೆಕ್ಕದ ಮೇಷ್ಟ್ರು! ತಿಂಗಳಿಂದ ಇಬ್ಬರ ನಡುವೆ ಬರೀ ಇಮೇಲ್ ಓಡಾಡಿತ್ತು. ಮುಖ ನೋಡಿದ್ದು ಇವತ್ತೇ.

“ಕೆಂಪು ಮತ್ತು ಬಿಳಿ ಕೂಡಿಸಿ ಬೆಳೆಸಿದ ಗಿಡಗಳಲ್ಲಿ ಹಳದಿ ಹೂವಿನ ಡಿಎನ್‌ಎ ಇದೆ. ಹೊರಗಿನ ಪರಾಗ ಸೇರಿದೆ.”

ಅವಳ ಕಿವಿ ಬಿಸಿಯಾಯಿತು. ಹೊರಗಿನ ಪರಾಗ! ಒಂದೊಂದು ಹೂವಿಗೂ ಕಾಗದದ ಚೀಲ ಕಟ್ಟಿ ಮೂರು ವರ್ಷ ಕಾದಿದ್ದಾಳೆ. ಹಬ್ಬ, ಮದುವೆ, ಜ್ವರ ಯಾವುದನ್ನೂ ನೋಡಿಲ್ಲ.

ಕರ್ಣಕುಂಡಲದ ಬಳಗದ ಗಿಡಗಳವು. ಒಂದೇ ಬೆಟ್ಟದಲ್ಲಿ, ಗಿಡಗಳ ಚರಿತ್ರೆಯ ಲೆಕ್ಕದಲ್ಲಿ ನಿನ್ನೆ ಮೊನ್ನೆ ಅನ್ನುವಷ್ಟು ಬೇಗ ಹತ್ತಾರು ಪ್ರಭೇದಗಳಾಗಿ ಒಡೆದಿದ್ದವು. ಕೆಂಪು ಹೂವಿನ ಹಿಂದೆ ಮಕರಂದ ತುಂಬಿದ ಉದ್ದ ಬಾಲ, ಅದಕ್ಕೆ ಹಕ್ಕಿಯ ಕೊಕ್ಕೇ ಬೇಕು. ಅದೇ ಬೆಟ್ಟದ ಹಳದಿ ಹೂವಿನದೂ ಉದ್ದ ಬಾಲವೇ. ಬಿಳಿ ಹೂವಿನ ಬಾಲ ಗಿಡ್ಡ, ಅಲ್ಲಿಗೆ ಬರುವುದು ದುಂಬಿ. ಬರುವ ಅತಿಥಿಗಳೇ ಬೇರೆಯಾದ ಮೇಲೆ ಎರಡು ಮನೆಗಳ ನಡುವೆ ಸಂಬಂಧ ಮುಗಿದಂತೆ. ಆ ಬಾಲವನ್ನು ಉದ್ದ ಮಾಡಿದ ಜೀನ್ ಯಾವುದು? ಅವಳ ಇಡೀ ಸಂಶೋಧನೆ ಆ ಪ್ರಶ್ನೆಯ ಮೇಲೆ ನಿಂತಿತ್ತು.

“ನನ್ನ ಕೈ ಗಲೀಜು ಅಂತಿದೀರಾ?”

“ನಾನು ಹಾಗೆ...”

“ಮತ್ತೆ? ಪರಾಗ ಬಸ್ಸು ಹತ್ತಿ ಬಂತಾ?”

ಅವನು ನೆಲ ನೋಡಿದ. “ಮೇಡಂಗೂ ಹೇಳಿದೀನಿ. ಬೆಳಿಗ್ಗೇನೇ.”

ನನಗೆ ಹೇಳುವ ಮೊದಲು... ಲ್ಯಾಬಿನ ಮುಖ್ಯಸ್ಥೆಗೆ, ಮೇಡಂಗೆ!

“ಹೊರಗೆ ನಡೀರಿ.”

*

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ತೀರ್ಮಾನ ಆಗಿದೆ ಎಂದೇ ಅರ್ಥ.

“ತಪ್ಪು ಯಾರಿಗಾದರೂ ಆಗುತ್ತೆ ಕಣಮ್ಮ. ಆದ್ರೆ ಕಲಬೆರಕೆ ಗಿಡ ಇಟ್ಕೊಂಡು ನಾನೇನ್ ಮಾಡ್ಲಿ? ತಿಂಗಳ ಕೊನೆಗೆ ಗಾಜಿನ ಮನೆ ಖಾಲಿಯಾಗಲಿ. ಬೇರೆಯವರು ಕಾಯ್ತಿದಾರೆ. ನೀನು ಹೊಸದಾಗಿ ಶುರು ಮಾಡು.”

ಹೊಸದಾಗಿ! ಸಂಬಳ ಇನ್ನೊಂದೇ ವರ್ಷ ಬರುತ್ತದೆ ಎಂಬುದು ಮೇಡಂಗೂ ಗೊತ್ತು.

ಸಂಜೆ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿದ್ದಳು.

“ಮೂಗಿನ ಮೇಲೆ ಬೆವರು, ಕೈಯಲ್ಲಿ ಲ್ಯಾಪ್‌ಟಾಪ್! ಅದನ್ನ ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ನಿಂತಿದ್ದ. ಹೇಡಿ! ಕೂದಲು ಬೇರೆ ಬಾಚಿಲ್ಲ...”

“ಅರ್ಧ ಗಂಟೆಯಿಂದ ಬೈತಿದೀಯಲ್ಲೇ. ನಿಮ್ಮ ಭಾವನ್ನ ನಾನು ಇಷ್ಟು ಗಮನ ಇಟ್ಟು ಯಾವತ್ತೂ ನೋಡಿಲ್ಲ.”

“ಅಕ್ಕಾ!”

“ಕೂಗಬೇಡ. ನನ್ನ ಹತ್ರ ಬೈದು ಏನು ಬಂತು? ಹೋಗಿ ಅವನಿಗೇ ಬೈ.”

*

ಮರುದಿನ ಅವನ ಕೋಣೆಗೆ ನುಗ್ಗಿದಳು.

“ತೋರಿಸಿ. ಎಲ್ಲಿದೆ ನಿಮ್ಮ ಹಳದಿ?”

ಅವನು ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತ. ಪರದೆಯ ಮೇಲೆ ಒಂದೊಂದು ಗಿಡಕ್ಕೆ ಒಂದೊಂದು ಉದ್ದ ಪಟ್ಟಿ. ಕೆಂಪು, ಬಿಳಿ, ಮಧ್ಯೆ ಒಂದು ಚೂರು ಹಳದಿ. ಅವಳು ಸಾಲು ಸಾಲಾಗಿ ಕೆಳಗಿಳಿದಳು. ಸಿಟ್ಟಿನಲ್ಲಿ ಓಡುತ್ತಿದ್ದ ಬೆರಳು ನಿಂತಿತು.

“ಹಳದಿ ಇರೋ ಗಿಡದಲ್ಲೆಲ್ಲ ಅದು ಒಂದೇ ಜಾಗದಲ್ಲಿದೆ. ಇವೆಲ್ಲ ಉದ್ದ ಬಾಲದವು! ಮತ್ತೆ ತುಂಡು ನೋಡಿ, ಉಗುರಿನಷ್ಟು. ತಲೆಮಾರು ಕಳೆದ ಹಾಗೆ ತಾನೇ ತುಂಡು ಸಣ್ಣ ಆಗೋದು? ಹೊರಗಿನ ಪರಾಗ ಮೊನ್ನೆ ಬಂದಿದ್ರೆ ಉದ್ದುದ್ದಕ್ಕೆ ಹಳದಿ ಇರ್ಬೇಕಿತ್ತು. ನೀವು ಉದ್ದ ನೋಡಲೇ ಇಲ್ವಾ?”

“ಇದೆಯೋ ಇಲ್ವೋ ಅಂತ ಅಷ್ಟೇ...” ಅವನ ಧ್ವನಿ ಇಳಿಯಿತು. “ಆದ್ರೆ ಕೆಂಪು ತಾಯಿಯಲ್ಲಿ ಇದು ಇಲ್ಲ. ಫ್ರೀಜರಿನಲ್ಲಿದ್ದ ಎಲೆ ನೋಡಿದೀನಿ.”

“ಫ್ರೀಜರಿನಲ್ಲಿರೋದು ತಾಯಿ ಅಲ್ಲ ಮಹಾರಾಯ, ಅದರ ತಂಗಿ!”

“ತಂಗಿನಾ?”

“ಒಂದೇ ಕಾಯಿಯ ಬೀಜ. ತಾಯಿ ಆಗ ಹೂ ಬಿಡ್ತಿತ್ತು. ಎಲೆ ಕಿತ್ತರೆ ಸೊರಗುತ್ತೆ ಅಂತ ನಾನು ಬಿಡಲಿಲ್ಲ. ತಂಗಿಯ ಎಲೆ ಕೊಟ್ಟೆ...” ಕೆಂಪಿನಲ್ಲೂ ಅಪರೂಪಕ್ಕೆ ಮೋಟು ಬಾಲ ಬರುತ್ತದೆ, ಆ ತಂಗಿಯದು ಹಾಗೆ. ಅದಕ್ಕೇ ಅದನ್ನು ತಾಯಿಯಾಗಿ ಆರಿಸಿರಲಿಲ್ಲ. ಅಯ್ಯೋ, ಇದು ನನ್ನದೇ ಕೆಲಸ!

“ಇದನ್ನ ನೀವು ನನಗೆ ಹೇಳಲೇ ಇಲ್ಲ,” ಎಂದ ಅವನು. ಮೊದಲ ಸಲ ಅವನ ಮುಖವೂ ಕೆಂಪಾಗಿತ್ತು.

“ನೀವು ಕೇಳಲೇ ಇಲ್ಲ! ಒಂದು ದಿನ ಮೊದಲು ನನ್ನ ಹತ್ರ ಬಂದಿದ್ರೆ ಇದು ಇಲ್ಲೇ ಮುಗೀತಿತ್ತು. ಯಾಕೆ ಬರಲಿಲ್ಲ?”

“ಹೆದರಿಕೆ ಆಯ್ತು.”

“ಏನು?”

“ನಿಮ್ಮನ್ನ ಎಲ್ಲರೂ ಸಿಡಿಕಾಯಿ ಅಂತಾರೆ. ಮುಟ್ಟಿದ್ರೆ ಸಿಡಿಯುತ್ತೆ ಅಂತ. ನಿಮ್ಮ ಇಮೇಲ್ ಓದೋಕೇ ನಾನು ನೀರು ಕುಡಿದು ಕೂರ್ತಿದ್ದೆ.”

ನಗು ಬಂತು. ನಗಲಿಲ್ಲ. ಇವನಿಗೆ ನಗು ಕೊಡುವಷ್ಟು ಇನ್ನೂ ಕರಗಿರಲಿಲ್ಲ.

*

ತಾಯಿ ಗಿಡದ ಎಲೆಯನ್ನು ಅವಳೇ ಕಿತ್ತುಕೊಟ್ಟಳು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಅವನು ಊಟದ ಹೊತ್ತಿಗೆ ಗಾಜಿನ ಮನೆಗೆ ಬಂದು ನೀರು ಹಾಕುತ್ತಿದ್ದ.

“ಬುಡಕ್ಕೆ ಹಾಕಿ, ಎಲೆಗಲ್ಲ. ಸ್ನಾನ ಮಾಡಿಸ್ತಿದೀರಾ?”

ಒಂದು ದಿನ ಅವನು ಬರಲಿಲ್ಲ. ಅವಳು ಬಾಗಿಲನ್ನು ನೋಡಿದಳು, ಮತ್ತೆ ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಇವನಿಗಾಗಿ ಕಾಯ್ತಿದೀನಾ? ಥೂ!

ಸಂಜೆ ಮೇಡಂ ಫೋನ್ ಮಾಡಿದರು.

“ಆ ಹುಡುಗ ಇಡೀ ಗುಂಪಿನ ಎದುರು ನಿಂತು, ತಪ್ಪು ನನ್ನದು, ನೋಡದೆ ದೂರು ಕೊಟ್ಟೆ ಅಂದ. ತಾಯಿಯಲ್ಲೂ ಅದೇ ತುಂಡು ಇದೆಯಂತೆ. ಬೆಟ್ಟದ ಉದ್ದ ಬಾಲದ ಕೆಂಪು ಗಿಡಗಳಲ್ಲೂ ಇದೆಯಂತೆ. ಯಾವ ಕಾಲದಲ್ಲೋ ಕೆಂಪು, ಹಳದಿ ಕೂಡಿವೆ. ಆ ಬಾಲ ಹಳದಿಯಿಂದ ಎರವಲು ಬಂದಿರಬೇಕು. ಇಷ್ಟು ಬೇಗ ಬೇರೆ ಪ್ರಭೇದ ಆಗಿದ್ದು ಹೇಗೆ ಅನ್ನೋದಕ್ಕೆ ಇದೇ ದಾರಿ ಕಣಮ್ಮ! ಗಿಡ ಒಂದೂ ಕೀಳಬೇಡ.”

ಫೋನ್ ಇಟ್ಟವಳು ಗಿಡಗಳ ನಡುವೆ ಕೂತು ಅತ್ತಳು. ಬಾಗಿಲು ತೆರೆದ ಸದ್ದಾಯಿತು. ಕಣ್ಣು ಒರೆಸಿಕೊಂಡಳು.

“ನನಗಿನ್ನೂ ಸಿಟ್ಟಿದೆ,” ಎಂದಳು ಅವನ ಕಡೆ ತಿರುಗದೆ.

“ಗೊತ್ತು. ಒಂದು ವಿಷಯ ಇದೆ. ಇದನ್ನ ಯಾರಿಗೂ ಹೇಳಿಲ್ಲ. ಮೊದಲು ನಿಮಗೇ.” ಅವನು ಉಸಿರು ಎಳೆದುಕೊಂಡ. “ನಂಗೆ ನೀವು ಇಷ್ಟ. ಬೈದಾಗಲೂ. ಬೈದಾಗಲೇ ಜಾಸ್ತಿ, ಅನ್ಸುತ್ತೆ.”

ಅವಳು ತಿರುಗಿದಳು. ಇವತ್ತು ಕೂದಲು ಬಾಚಿದ್ದ... ವಕ್ರವಾಗಿ.

“ನಾಳೆ ಬೇಗ ಬಾ. ಮೊಗ್ಗು ಬಿಡಿಸೋದು ಕಲಿಸ್ತೀನಿ.”

ಬಹುವಚನ ಬಿಟ್ಟುಹೋಗಿದ್ದು ಇಬ್ಬರಿಗೂ ತಿಳಿಯಿತು.

“ನನ್ನ ಕೈ ನಡುಗುತ್ತೆ.”

“ಹಿಡ್ಕೋತೀನಿ, ಬಾ.”