ಸ್ಟೇಷನ್ ಚಿತ್ರದ ಕಾರ್ಡು

ಆಲ್ಬಮ್ಮಿನ ಒಂಬತ್ತನೇ ಪುಟದಲ್ಲಿ ನಾಲ್ಕು ಕಾರ್ಡು ಇರಬೇಕಿತ್ತು. ಮೂರೇ ಇದ್ದವು.

ಪೂರ್ಣಿಮಾ ಮತ್ತೆ ಎಣಿಸಿದಳು. ಆಲ್ಬಮ್ ಪಕ್ಕದ ಮನೆಯ ಹೆಲೆನ್ ಅಜ್ಜಿಯದು. ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವೆ ಅಜ್ಜಿ ಹುಟ್ಟಿದ ಪುಟ್ಟ ಗಣಿಯೂರಿನ ಹಳೇ ಪೋಸ್ಟ್‌ಕಾರ್ಡುಗಳು. ಅಜ್ಜಿಯ ತೀರಿಹೋದ ಅಣ್ಣನ ಪೆಟ್ಟಿಗೆಯಿಂದ ಹೋದ ತಿಂಗಳಷ್ಟೇ ಇಲ್ಲಿಗೆ, ವುಡಿನ್‌ವಿಲ್‌ಗೆ ಬಂದಿದ್ದವು. ಅಜ್ಜಿಗೆ ಕಣ್ಣು ಮಂಜು. ಸ್ಕ್ಯಾನ್ ಮಾಡಿ, ಹಿಂದೆ ಬರೆದದ್ದನ್ನೆಲ್ಲ ಶನಿವಾರ ಓದಿ ಹೇಳುತ್ತೇನೆಂದು ಪೂರ್ಣಿಮಾ ತಾನಾಗಿಯೇ ಕೇಳಿ ತಂದಿದ್ದಳು. ಇವತ್ತೇ ಶನಿವಾರ. ರೈಲು ಸ್ಟೇಷನ್ ಚಿತ್ರದ ಕಾರ್ಡು ಮಾಯ. ಸ್ಕ್ಯಾನ್ ಆಗಿದ್ದದ್ದು ಚಿತ್ರದ ಬದಿ ಮಾತ್ರ.

ಸೌತ್ ಲೇಕ್ ಯೂನಿಯನ್ ಬಡಾವಣೆಯ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವಳ ಕೆಲಸ. ಇಲ್ಲಿ ಕಳ್ಳನನ್ನು ಹುಡುಕಲು ಅರ್ಧ ನಿಮಿಷ ಹಿಡಿಯಿತು. ಸಹೋದ್ಯೋಗಿ ಜಯಂತ್. ಹಳೇ ಕಾರ್ಡುಗಳ ಹುಚ್ಚಿನವನು. ಗುರುವಾರ ಸಂಜೆ ಊಟಕ್ಕೆ ಬಂದು ಆಲ್ಬಮ್ ಹಿಡಿದು ಕೂತವನು ಏಳಲೇ ಇಲ್ಲ. ಪೂರ್ಣಿಮಾ ಫೋನ್ ಮಾಡಿದಳು.

“ಜಯಂತ್, ಸ್ಟೇಷನ್ ಕಾರ್ಡ್ ಒಂದು ನಿಮ್ಮ ಬ್ಯಾಗಲ್ಲಿ ಬಂದಿದೆಯಾ, ನೋಡ್ತೀರಾ?”

“ಕದ್ದಿದೀನಾ ಅಂತ ನೇರವಾಗೇ ಕೇಳಿ.” ಜಯಂತನ ದನಿ ಏರಿತು. “ಕದಿಯೋನಾಗಿದ್ರೆ ಅದರ ಪಕ್ಕದ್ದು ಕದೀತಿದ್ದೆ. ಅದು ಒರಿಜಿನಲ್ ಫೋಟೋ, ಅಪರೂಪದ್ದು. ಸ್ಟೇಷನ್‌ದು ಪ್ರೆಸ್ಸಲ್ಲಿ ಸಾವಿರಗಟ್ಟಲೆ ಅಚ್ಚಾಗಿರೋದು.”

ಫೋನ್ ಕಟ್ಟಾಯಿತು.

*

ಅವನು ಹೇಳಿದ್ದು ನಿಜ. ಅಪರೂಪದ ಕಾರ್ಡು ಜಾಗದಲ್ಲೇ ಇತ್ತು. ಹಾಗಾದರೆ ಒಯ್ದವರಿಗೆ ಚಿತ್ರ ಬೇಕಿರಲಿಲ್ಲ. ಪೂರ್ಣಿಮಾ ಉಳಿದ ಮೂರನ್ನೂ ತಿರುವಿ ನೋಡಿದಳು. ಮಳೆ ಬಂತು, ಹಸು ಕರು ಹಾಕಿತು, ಬೇಗ ಬಾ. ಹೋದ ಕಾರ್ಡಿನ ಹಿಂದೆ ಮಾತ್ರ ಬೇರೆಯೇ ಸುದ್ದಿ ಇತ್ತು. ಅದನ್ನು ಓದಿದವಳು ಅವಳೊಬ್ಬಳೇ. ಕೇಳಿದವರೂ ಒಬ್ಬರೇ.

ಅವಳು ಆಲ್ಬಮ್ ಮುಚ್ಚಿ ಎದ್ದಳು.

ಗದಗಿನಿಂದ ಬಂದಿದ್ದ ಅತ್ತೆ ಕಮಲವ್ವ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

“ಅತ್ತೆ, ಗುರುವಾರ ಬೆಳಿಗ್ಗೆ ನಿಮಗೆ ಓದಿ ಹೇಳಿದ್ನಲ್ಲ, ಆ ಸಾವಿನ ಕಾರ್ಡ್ ಎಲ್ಲಿ?”

“ಹರದು ಒಗದೇನಿ.” ಕಮಲವ್ವ ಏನನ್ನೂ ಮುಚ್ಚಿಡಲಿಲ್ಲ. “ಸಾವಿನ ಕಾಗದ ಓದಿದ ಮ್ಯಾಲೆ ಮನ್ಯಾಗ ಇಟ್ಕೋತಾರೇನವಾ? ನಿನ್ನೆ ಶುಕ್ರವಾರ, ಪೂಜಾ ಬ್ಯಾರೆ. ಆ ಅಜ್ಜಿಗೂ ಒಳ್ಳೇದಾಗ್ಲಿ ಅಂತನ ಹರದೆ. ತಪ್ಪಾತೇನು?”

ಕಸದ ಲಾರಿ ನಿನ್ನೆ ಮಧ್ಯಾಹ್ನವೇ ಬಂದು ಹೋಗಿತ್ತು.

ಗದಗಿನಲ್ಲಿ ಇದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅಂಥ ಕಾಗದ ಬಂದರೆ ಓದಿ, ಬಾಗಿಲಲ್ಲೇ ಹರಿದು, ಆಮೇಲೆ ಅಳುತ್ತಾರೆ. ಪೂರ್ಣಿಮಾಗೂ ಇದು ಗೊತ್ತಿತ್ತು. ಗೊತ್ತಿದ್ದೂ ಓದಿ ಹೇಳಿದ್ದಳು, ಹೆಲೆನ್ ಅಜ್ಜಿಗೆ ಅದು ಜೀವ ಎಂದು ಮಾತ್ರ ಅತ್ತೆಗೆ ಹೇಳಿರಲಿಲ್ಲ. ಅತ್ತೆಯ ಮೇಲೆ ಸಿಟ್ಟಾಗಲು ನೋಡಿದಳು. ಆಗಲಿಲ್ಲ. ಜಯಂತನಿಗೆ ಕ್ಷಮೆ ಕೇಳಿ ಮೆಸೇಜ್ ಕಳಿಸಿದಳು. ಅವನು ನೋಡಿದ, ಉತ್ತರಿಸಲಿಲ್ಲ.

*

ಪೂರ್ಣಿಮಾ ಪಕ್ಕದ ಮನೆಗೆ ಹೋಗಿ ಹೆಲೆನ್ ಅಜ್ಜಿಗೆ ಎಲ್ಲವನ್ನೂ ಹೇಳಿದಳು.

“ಅದು ಅಮ್ಮ ಬರೆದದ್ದಿರಬೇಕು, ದೂರದೂರಲ್ಲಿದ್ದ ಅಣ್ಣನಿಗೆ. ಅಪ್ಪ ಹೋದಾಗ ನನಗೆ ಎರಡು ವರ್ಷ. ಆ ಚಳಿಗಾಲದಲ್ಲಿ ಅವಳೂ ಹೋದಳು. ಏನು ಬರೆದಿದ್ದಳು?”

“ಅಪ್ಪ ಗಣಿಯಿಂದ ಮೇಲೆ ಬರಲಿಲ್ಲ. ಮಂಗಳವಾರ ಮಣ್ಣು ಮಾಡಿದೆವು. ನೀನು ಬರಬೇಡ, ಕೆಲಸ ಬಿಡಬೇಡ. ಆಮೇಲೆ, ಪುಟ್ಟ ಹೆಲೆನ್...”

ಅಜ್ಜಿ ಮುಂದಕ್ಕೆ ಬಾಗಿದಳು. “ಪುಟ್ಟ ಹೆಲೆನ್?”

ಗುರುವಾರ ಇಷ್ಟು ಓದುವಷ್ಟರಲ್ಲಿ ಅತ್ತೆ, ಸಾಕು, ಓದಬ್ಯಾಡ ಎಂದಿದ್ದರು. ಅವಳು ನಿಲ್ಲಿಸಿದ್ದಳು. ಇನ್ನೂ ಎರಡು ಸಾಲು ಇದ್ದವು.

ಒಂದು ಸುಳ್ಳು ನಾಲಗೆಯ ತುದಿಯವರೆಗೂ ಬಂತು. ನಗುತ್ತಾಳೆ, ಚೆನ್ನಾಗಿದ್ದಾಳೆ, ಏನಾದರೂ. ಯಾರಿಗೆ ಗೊತ್ತಾಗುತ್ತಿತ್ತು?

“ಮುಂದೆ ನಾನು ಓದಲಿಲ್ಲ,” ಎಂದಳು ಪೂರ್ಣಿಮಾ.