ಒದ್ದೆ ಬಲೆ

ನನ್ನ ಗಂಡ ಶ್ರೀಕರನ ತಿಥಿ ಮುಗಿದು ನೆಂಟರು ಹೊರಟ ಮರುದಿನ, ಮಳವಳ್ಳಿಯ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಇದ್ದೆವು. ಬೆಳಿಗ್ಗೆ ಎದ್ದಾಗ ಮೀನಿನ ತೊಟ್ಟಿಯ ಕೆಳಗೆ, ನೆಲದ ಮೇಲೆ, ಮೀನು ಒದ್ದಾಡಿದ ಒದ್ದೆ ಗುರುತಿತ್ತು.

ಶ್ರೀಕರ ಸಾಕಿದ್ದ ಹ್ಯಾಚೆಟ್ ಎಂಬ ಪುಟ್ಟ ಮೀನುಗಳು ಸಾಧು. ಸದಾ ನೀರಿನ ಮೇಲ್ಗಡೆಯೇ ಇದ್ದು, ಸಂದು ಸಿಕ್ಕರೆ ಹೊರಗೆ ಹಾರುತ್ತವೆ. ಶ್ರೀಕರ ಅಳತೆ ತಪ್ಪಿ ಕತ್ತರಿಸಿ ತಂದ ಗಾಜಿನ ಮುಚ್ಚಳ ನಾಲ್ಕು ಬೆರಳು ಸಾಲದಾಗಿತ್ತು. ಹೊಸದು ಬರುವವರೆಗೆಂದು ಮದ್ದೂರಿನ ಮೀನಂಗಡಿಯ ಇಲ್ಯಾಸ್ ಅವರಿಂದ ಕೈಬಲೆ ಎರವಲು ತಂದು, ಹಾರಿಬಿದ್ದ ಮೀನನ್ನು ಎತ್ತಿ ಬಿಡುತ್ತಿದ್ದ.

ನೋಡಿದೆ. ಆರು ಮೀನೂ ನೀರಿನಲ್ಲೇ ಇದ್ದವು. ಮೊಳೆಗೆ ನೇತುಹಾಕಿದ್ದ ಬಲೆಯಿಂದ ನೀರು ಹನಿಯುತ್ತಿತ್ತು.

“ಮೀನ ಎತ್ತಿ ಬುಟ್ಯಾ? ಮೊಳೆಗೆ ಬಲೆ ಹಾಕಿದ್ ಸದ್ದು ಕೇಳುಸ್ತು ಕಣಮ್ಮ,” ಎಂದರು ಅತ್ತೆ.

ನಾನು ಬಲೆ ಮುಟ್ಟಿರಲಿಲ್ಲ. ಆದರೂ ಹೂಂ ಎಂದೆ.

ಒಂಬತ್ತು ದಿನ ಹೀಗೇ ಆಯಿತು. ದಿನವೂ ಎದ್ದು ಬರುವ ಕೆಲಸ ಶ್ರೀಕರನಿಗೆ ಇನ್ನು ಬೇಡ ಎಂದು ನನಗನ್ನಿಸಿತು. ಅಳತೆ ಸರಿಯಾದ ಗಾಜು ಹಾಕಿಸಿ, ಬಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಮದ್ದೂರಿನ ಬಸ್ಸು ಹತ್ತಿದೆ.

“ಇಟ್ಕಳಮ್ಮ, ಬೇಕಾಯ್ತದೆ,” ಎಂದರು ಇಲ್ಯಾಸ್.

“ಬೇಡ, ಈಗ ಮುಚ್ಚಳ ಸರಿಯಾಗಿ ಕೂರುತ್ತೆ.”

ಅವರು ಕಾಗದ ಬಿಚ್ಚಿದರು. ಕಾಗದ ಒಣಗಿಯೇ ಇತ್ತು. ಬಲೆಯಿಂದ ಅವರ ಕೈಮೇಲೆ ನೀರು ಹನಿಯಿತು.