ನೀರು ಅಳೆಯುವ ಬೀಗ

“ಅಜ್ಜಿ, ಇನ್ನೊಂದೇ ಗಂಟೆ. ಆಮೇಲೆ ನಿನ್ನ ಬೀಗಕ್ಕೆ ಟಾಟಾ,” ಎಂದಳು ಚಟಾಕಿ.

ಐದನೇ ಕ್ಲಾಸಿನ ಈ ಹುಡುಗಿಗೆ ಆ ಹೆಸರಿಟ್ಟವಳು ಅಜ್ಜಿಯೇ. ಅವಳ ಬಾಯಿ ಸುಮ್ಮನಿದ್ದದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ.

ಬೀಗ ಹಿತ್ತಿಲ ಗೋಡೆಯ ಮೇಲೆ ತೂಕದ ಕಲ್ಲಿನ ಹಾಗೆ ನೇತಾಡುತ್ತಿತ್ತು. ಅದಕ್ಕೆ ಕಟ್ಟಿದ ದಾರ ತಾರಸಿಯ ರಾಟೆ ದಾಟಿ ನೀರಿನ ಟ್ಯಾಂಕಿನೊಳಗೆ ಇಳಿದಿತ್ತು. ಆ ತುದಿಯಲ್ಲಿ ಒಂದು ದಪ್ಪ ಮರದ ತುಂಡು ತೇಲುತ್ತಿತ್ತು. ನೀರು ಇಳಿದರೆ ಮರ ಇಳಿಯುತ್ತದೆ, ಬೀಗ ಏರುತ್ತದೆ. ಚಟಾಕಿ ಹುಟ್ಟುವ ಮೊದಲೇ ತಾತ ಕಟ್ಟಿದ್ದು.

“ಬೀಗ ನೋಡಿದ್ರೆ ಯಾರು ಎಷ್ಟು ಚೊಂಬು ನೀರು ಹಾಕ್ಕೊಂಡ್ರು ಅಂತ ಹೇಳ್ತೀನಿ ನಾನು,” ಎನ್ನುತ್ತಿದ್ದಳು ಅಜ್ಜಿ.

ಗೆಳತಿಯರು ಮಾತ್ರ ‘ಬೀಗದ ಮನೆಯವಳು’ ಎಂದು ಕಿಚಾಯಿಸುತ್ತಿದ್ದರು. ಚಟಾಕಿಗೆ ಅವಮಾನದಿಂದ ಕಿವಿಯಲ್ಲಿ ಹೊಗೆ ಬರುತ್ತಿತ್ತು.

ನಿನ್ನೆ ಅಪ್ಪ ಅಡುಗೆಮನೆ ಗೋಡೆಗೆ ಹೊಸ ಡಬ್ಬಿ ಹಾಕಿಸಿದ್ದರು. ಅದರಲ್ಲಿ ನಾಲ್ಕು ಹಸಿರು ಲೈಟು. ಟ್ಯಾಂಕು ತುಂಬಿದರೆ ನಾಲ್ಕೂ ಉರಿಯುತ್ತವೆ, ನೀರು ಇಳಿದಂತೆ ಒಂದೊಂದೇ ಆರುತ್ತವೆ. ದಾರ ಬಿಚ್ಚಲು ಇವತ್ತು ಪ್ಲಂಬರ್ ಬರುವವನಿದ್ದ.

“ನಿಂದು ಅನಲಾಗ್ ಅಜ್ಜಿ. ಹಳೇದು. ಇದು ಡಿಜಿಟಲ್. ಲೆಕ್ಕ ಅಂದ್ರೆ ಲೆಕ್ಕ.”

“ಆಯ್ತಮ್ಮ ಮಹಾರಾಣಿ. ಅವನು ಬರೋ ತನಕ ನಿನ್ನ ಲೈಟು ನಂಬ್ಕೊಂಡೇ ಇರ್ತೀನಿ. ಅದು ಕೈ ಕೊಟ್ರೆ ಬೀಗದ ದಾರ ಬಿಚ್ಚೋ ಹಾಗಿಲ್ಲ. ಒಪ್ಪಿಗೆನಾ?”

“ಒಪ್ಪಿಗೆ.”

ಅಜ್ಜಿ ಟವೆಲ್ ಹೆಗಲಿಗೆ ಹಾಕಿಕೊಂಡಳು. “ಒಂದೇ ಲೈಟ್ ಉರೀತಿದೆ. ತಲೆ ತೊಳ್ಕೊಳ್ಳಲಾ?”

“ಒಂದು ಅಂದ್ರೆ ಕಾಲು ಟ್ಯಾಂಕು. ಆನೆ ಮರಿಗೂ ಸ್ನಾನ ಮಾಡಿಸ್ಬಹುದು. ಹೋಗಜ್ಜಿ.”

ಬಚ್ಚಲುಮನೆಯಲ್ಲಿ ಹಾಡು ಶುರುವಾಯಿತು. ಎರಡನೇ ಸಾಲಿಗೆ ನಲ್ಲಿ ಕೆಮ್ಮಿತು. ಮೂರನೇ ಸಾಲಿಗೆ ಹಾಡೂ ನಿಂತಿತು.

ಬಾಗಿಲ ಸಂದಿಯಿಂದ ಅಜ್ಜಿಯ ತಲೆ ಇಣುಕಿತು. ತಲೆ ಎಲ್ಲಿ, ಬರೀ ನೊರೆ. ಊರಿಗೆಲ್ಲ ಹಂಚಿದರೂ ಮಿಗುವಷ್ಟು ನೊರೆ.

“ಆನೆ ಮರಿ ಕಾಯ್ತಿದೆ ಕಣೇ,” ಎಂದಿತು ನೊರೆ.

ಚಟಾಕಿ ಅಡುಗೆಮನೆಗೆ ಓಡಿದಳು. ಡಬ್ಬಿಯ ಕೊನೆಯ ಲೈಟೂ ಆರಿತ್ತು. ಮೋಟಾರ್ ಸ್ವಿಚ್ ಒತ್ತಿ ಹಿತ್ತಿಲಿಗೆ ಬಂದರೆ, ಬೀಗ ಮೇಲೇರಿ ರಾಟೆಗೆ ಮುತ್ತಿಡುತ್ತಿತ್ತು. ಬೆಳಿಗ್ಗೆ ಒಂದು ಸಲ ಇತ್ತ ನೋಡಿದ್ದರೂ ಸಾಕಿತ್ತು.

ಅಷ್ಟರಲ್ಲಿ ಪ್ಲಂಬರ್ ಬಂದ. ಚಟಾಕಿ ಅವನ ಹಿಂದೆಯೇ ತಾರಸಿ ಹತ್ತಿದಳು.

“ಮಾಮ, ಡಬ್ಬಿ ಕೆಟ್ಟಿದೆ. ಸುಳ್ಳು ಹೇಳ್ತು.”

ಅವನು ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟ. ನಾಲ್ಕು ತಂತಿಗಳು ಇಳಿಬಿದ್ದಿದ್ದವು, ಒಂದಕ್ಕಿಂತ ಒಂದು ಉದ್ದ.

“ಕೆಟ್ಟಿಲ್ಲ ಪುಟ್ಟಿ. ಉದ್ದದ ತಂತಿ ನೋಡು. ತುದಿ ಒದ್ದೆಯಾದ್ರೂ ಒಂದು ಲೈಟು. ಅದರ ಮೇಲೆ ಮೊಣಕಾಲುದ್ದ ನೀರಿದ್ರೂ ಅದೇ ಒಂದು ಲೈಟು. ನಡುವೆ ಎಷ್ಟಿದೆ ಅಂತ ಅದು ಹೇಳಲ್ಲ.”

“ಮತ್ತೆ ಕಾಲು ಟ್ಯಾಂಕು ಅಂತ ಯಾರು ಹೇಳಿದ್ದು?”

ಕೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಹೇಳಿದ್ದು ಡಬ್ಬಿಯಲ್ಲ.

ಅವಳು ಕೆಳಗಿಳಿಯತೊಡಗಿದಳು. ಕಾಲು ಒಂದು ಮೆಟ್ಟಿಲು, ಎರಡು ಮೆಟ್ಟಿಲು ಎಂದು ಇಳಿಯುತ್ತಿತ್ತು. ಕೈ ಮಾತ್ರ ಕಂಬಿಯ ಮೇಲೆ ಜಾರುತ್ತಿತ್ತು. ಅವಳು ನಿಂತಳು. ಕಾಲಿಗೆ ಐದನೇ ಮೆಟ್ಟಿಲು ಇಲ್ಲವೇ ಆರನೇದು, ಎರಡೇ ಜಾಗ. ಕೈ ಬೀಗದ ಹಾಗೆ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಆದರೆ ಕೈ ಎಲ್ಲಿದೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳುವುದು ಹೇಗೆ? ಕಾಲಿನದಾದರೆ, ಡಬ್ಬಿಯ ಲೈಟಿನ ಹಾಗೆ, ಐದು ಎಂದರೆ ಮುಗಿಯಿತು.

“ದಾರ ಬಿಚ್ಚಲಾ ಪುಟ್ಟಿ?” ಮೇಲಿಂದ ಪ್ಲಂಬರ್ ಕೇಳಿದ.

“ಬೇಡ ಮಾಮ. ರಾಟೆಗೆ ಒಂದು ಹನಿ ಎಣ್ಣೆ ಬಿಡಿ.”

“ಏನೇ, ನಾನು ಇಲ್ಲೇ ಒಣಗಿ ಹಪ್ಪಳ ಆಗ್ಲಾ?” ಬಚ್ಚಲಿನಿಂದ ಕೂಗು ಬಂತು.

ಚಟಾಕಿ ಅಡುಗೆಮನೆಗೆ ಇಣುಕಿದಳು. ಹಿತ್ತಿಲಿಗೂ ಹೋಗಿ ಬಂದಳು.

“ಒಂದು ಲೈಟು ಬಂದಿದೆ ಅಜ್ಜಿ. ಬೀಗ ಇಳಿದಿರೋದು ಬರೀ ಒಂದು ಗೇಣು. ತಲೆ ತೊಳ್ಕೊ, ಹಾಡು ಮಾತ್ರ ಬೇಡ.”